ಗಾಲಿ ಕಿನ್ನರಿಯ ಹುಲಿಗೆವ್ವ

ಬಹಳ ಹಿಂದೆ, ಹೊಳೆ ದಾಟಬೇಕಾದರೆ ಹರಿಗೋಲು ಬಿಟ್ಟರೆ ಬೇರೆ ದಾರಿ ಇರದಿದ್ದ ಕಾಲದಲ್ಲಿ, ಬಂಡೆಗುಡ್ಡಗಳ ಸಂದಿಯಲ್ಲಿ ಒಂದು ಊರಿತ್ತು. ಮುದ್ದಲಹಾಳ ಅಂತ ಅದರ ಹೆಸರು. ಆ ಊರಲ್ಲಿ ಹುಲಿಗೆವ್ವ ಅನ್ನುವವಳೊಬ್ಬಳಿದ್ದಳಂತೆ. ಯಾವ ವರ್ಷ ಹುಟ್ಟಿದಳೋ ಯಾವ ವರ್ಷ ಹೋದಳೋ ಯಾರಿಗೂ ಗೊತ್ತಿಲ್ಲ. ಅವಳ ಕಿವಿ ಎಂಥದಿತ್ತು ಅಂತ ಕೇಳಿನೋಡಿ, ಹತ್ತು ಮಂದಿ ಹತ್ತು ನಮೂನೆ ಹೇಳುತ್ತಾರೆ. ಆಡು ಒಮ್ಮೆ ಕೂಗಿದರೆ ಸಾಕು, ಇದರ ಕರುಳಿನ ನರ ದಪ್ಪ ತಂತಿಗೆ ಬರುತ್ತದೋ ಸಣ್ಣ ತಂತಿಗೆ ಬರುತ್ತದೋ ಅಂತ ಕೂತಲ್ಲೇ ಹೇಳುತ್ತಿದ್ದಳಂತೆ. ಅವಳು ಬರುವುದನ್ನು ಕಂಡರೆ ಆಡುಗಳು ಬಾಯಿ ಮುಚ್ಚಿಕೊಂಡು ಗುಡ್ಡ ಹತ್ತುತ್ತಿದ್ದವಂತೆ. ಇದು ಸ್ವಲ್ಪ ಹೆಚ್ಚಾಯಿತು ಅನ್ನಿ. ಆದರೂ ಪೂರಾ ಸುಳ್ಳು ಇರಲಿಕ್ಕಿಲ್ಲ.

ನರ ಹೊಸೆಯುವುದೇ ಅವಳ ಕಸುಬು. ಆಡಿನ ಕರುಳನ್ನು ಹೊಳೆಯಲ್ಲಿ ತೊಳೆದು, ಬೂದಿ ನೀರಲ್ಲಿ ನೆನೆಹಾಕಿ, ಬಿದಿರಿನ ಸೀಳಿನಿಂದ ಹೆರೆದು, ರಾಟೆಗೆ ಕಟ್ಟಿ ಹೊಸೆದು, ನೆರಳಲ್ಲಿ ಒಣಗಿಸಿ ತಂತಿ ಮಾಡುತ್ತಿದ್ದಳು. ಹತ್ತಿ ಎಕ್ಕುವ ಪಿಂಜಾರರು ತಮ್ಮ ಬಿಲ್ಲಿಗೆ ಅವಳ ನರವೇ ಬೇಕು ಅನ್ನುತ್ತಿದ್ದರು. ಕಿನ್ನರಿ ಬಾರಿಸುವ ಜೋಗಿಗಳು ಮೂರು ಹರದಾರಿ ನಡೆದು ಬಂದು ಒಯ್ಯುತ್ತಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು ತವರಿಗೆ ಬಂದವಳು, ತಮ್ಮ ಗಾಳೆಪ್ಪನ ಮನೆಯಲ್ಲಿದ್ದಳು. ಗಾಳೆಪ್ಪನೂ ಕಿನ್ನರಿ ಜೋಗಿ. ಅವರಪ್ಪನೂ ಜೋಗಿ, ಅವರಪ್ಪನ ಅಪ್ಪನೂ ಜೋಗಿ.

ಆ ಕಾಲದಲ್ಲಿ ಒಂದು ಕಟ್ಟಳೆ ಇತ್ತು. ಸುಗ್ಗಿಯಲ್ಲಿ ಜೋಳದ ತೆನೆ ಕಣಕ್ಕೆ ಬರುತ್ತದೆ, ನಡುವೆ ಮೇಟಿಗಂಬ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಸುತ್ತ ತಿರುಗಿಸಿ ತೆನೆ ತುಳಿಸುತ್ತಾರೆ. ಅದಕ್ಕೆ ಹಂತಿ ಅನ್ನುತ್ತಾರೆ. ಗೌಡರ ಕಣದ ಕಡೆಯ ಹಂತಿಯ ದಿನ ಊರಿನ ಜೋಗಿ ಬಂದು ಕಿನ್ನರಿ ಬಾರಿಸುತ್ತಾ ಕತೆ ಹಾಡಬೇಕು. ಎತ್ತು ಕಟ್ಟಿದಾಗಿನಿಂದ ಎತ್ತು ಬಿಚ್ಚುವವರೆಗೆ ತಂತಿಯ ಸದ್ದು ಕಡಿಯಬಾರದು. ಹಾಡುವವನೇ ಬಾರಿಸಬೇಕು. ಮೂರು ಸುಗ್ಗಿ ಒಂದೇ ಸಮ ತಂತಿ ಸುಮ್ಮನಿದ್ದರೆ ಆ ಮನೆತನಕ್ಕೆ ಆ ಕಣ ಇಲ್ಲ. ಕಣ ಇಲ್ಲ ಅಂದರೆ ಊರೇ ಇಲ್ಲ. ಬೇರೆ ಜೋಗಿ ಬರುತ್ತಾನೆ, ಇವರು ಗಂಟು ಕಟ್ಟಿಕೊಂಡು ಹೊರಡಬೇಕು.

ಗಾಳೆಪ್ಪನ ಕಿನ್ನರಿ ಆಗಲೇ ಎರಡು ಸುಗ್ಗಿ ಸುಮ್ಮನಿತ್ತು.

ಬೇಲಿ ಕಟ್ಟುವಾಗ ಅವನ ಬಲಗೈಗೆ ಜಾಲಿಮುಳ್ಳು ಹೊಕ್ಕಿತ್ತಂತೆ. ಕೈ ಕುಂಬಳಕಾಯಿ ಹಾಗೆ ಬಾತು, ಕೀವು ತುಂಬಿ, ವಾಸಿಯಾಗುವಷ್ಟರಲ್ಲಿ ಬೆರಳುಗಳು ಅರ್ಧ ಮಡಚಿದಂತೆಯೇ ಗಟ್ಟಿಯಾದವು. ಹಿಡಿದದ್ದನ್ನು ಹಿಡಿಯುತ್ತಿದ್ದವು, ಆದರೆ ಒಂದು ಬೆರಳೂ ತಾನೊಂದೇ ಅಲ್ಲಾಡುತ್ತಿರಲಿಲ್ಲ. ಬೆರಳು ಆಡದೆ ತಂತಿ ಮೀಟುವುದು ಹೇಗೆ? ಎಡಗೈಗೆ ಬೇರೆ ಕೆಲಸವಿದೆ, ಅದು ಕಿನ್ನರಿಯ ಕೋಲಿನ ಮೆಟ್ಟಿಲುಗಳ ಮೇಲೆ ತಂತಿ ಒತ್ತಿ ಸ್ವರ ಹಿಡಿಯಬೇಕು. ಗಾಳೆಪ್ಪನಿಗೆ ಗಂಡುಮಕ್ಕಳಿಲ್ಲ, ಮೂರು ಪುಟ್ಟ ಹೆಣ್ಣುಮಕ್ಕಳು. ಅವನು ಕಿನ್ನರಿಯನ್ನು ಗೋಡೆಗೆ ನೇತುಹಾಕಿ ಅದಕ್ಕೆ ಬೆನ್ನು ಮಾಡಿ ಉಣ್ಣುತ್ತಿದ್ದ. ಹೊಳೆಯಾಚೆಯ ಜೋಗಿಯೊಬ್ಬ ಆಗಾಗ ಬಂದು ಊರಿನ ಓಣಿಗಳಲ್ಲಿ ಸುತ್ತಾಡಿ, ಯಾವ ಮನೆ ಒಳ್ಳೆಯದು, ಯಾವ ಬಾವಿಯ ನೀರು ಸಿಹಿ ಅಂತ ನೋಡಿಕೊಂಡು ಹೋಗುತ್ತಿದ್ದನಂತೆ.

ಹೀಗಿರುವಾಗ ಒಂದು ದಿನ, ಹೊಲದಲ್ಲಿ ಜೋಳದ ತೆನೆಗೆ ಹಾಲು ತುಂಬುವ ಹೊತ್ತು, ಹುಲಿಗೆವ್ವ ಅಂಗಳದಲ್ಲಿ ಕೂತು ನರ ಹೊಸೆಯುತ್ತಿದ್ದಳು. ರಾಟೆ ಗಿರ್ರನೆ ತಿರುಗುತ್ತಿತ್ತು. ಕಟ್ಟಿದ ದಾರ ಸಡಿಲವಾಗಿ, ಬಿಗಿದ ನರ ಜಾರಿ ರಾಟೆಯ ಗಾಲಿಯ ಅಂಚಿಗೆ ತಾಗಿತು. ತಾಗಿದ್ದೇ ತಡ, ಅಂಬಾ ಅಂತ ಒಂದು ಕೂಗು! ಪಕ್ಕದ ಮನೆಯ ಸೂಗವ್ವ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು.

“ಯವ್ವಾ, ಯಾರ ಕರಾ ಸಿಕ್ಕೊಂಡೈತಬೇ?”

“ಕರಾ ಅಲ್ಲವಾ. ಗಾಲಿ ಕೂಗಿತು.”

“ಗಾಲಿ ಕೂಗಿತಾ? ಹುಲಿಗಿ, ಬಿಸಿಲಾಗ ಬಾಳ ಹೊತ್ತು ಕುಂತೀ, ಒಳಗ ನಡಿ.”

ಹುಲಿಗೆವ್ವ ಒಳಗೆ ಹೋಗಲಿಲ್ಲ. ರಾಟೆಯನ್ನು ಮತ್ತೆ ತಿರುಗಿಸಿದಳು, ನರವನ್ನು ಬೇಕಂತಲೇ ಅಂಚಿಗೆ ಒತ್ತಿದಳು. ಮತ್ತೆ ಕೂಗಿತು! ತಿರುಗಿಸುತ್ತಲೇ ಇದ್ದಳು, ಕೂಗುತ್ತಲೇ ಇತ್ತು. ಮೀಟಿದ ತಂತಿ ಒಮ್ಮೆ ಅಂದು ಸುಮ್ಮನಾಗುತ್ತದೆ. ಇದು ಸುಮ್ಮನಾಗುತ್ತಲೇ ಇಲ್ಲ! ತಿರುಗಿಸುವಷ್ಟು ಹೊತ್ತೂ ಉಸಿರೇ ಬೇಡದ ಹಾಗೆ ಹಾಡುತ್ತದೆ! ಬೆರಳು ಬೇಕಾಗಿಲ್ಲ, ಹಿಡಿ ಹಿಡಿದು ತಿರುವಲಿಕ್ಕೆ ಒಂದು ಮುಷ್ಟಿ ಇದ್ದರೆ ಸಾಕು. ಅವಳು ಎದ್ದು ನಿಂತಾಗ ಮಡಿಲಲ್ಲಿದ್ದ ನರವೆಲ್ಲ ಬೂದಿಯಲ್ಲಿ ಬಿತ್ತಂತೆ. ಅವಳಿಗೆ ಗೊತ್ತೇ ಆಗಲಿಲ್ಲವಂತೆ.

ನೆಟ್ಟಗೆ ಬಡಿಗೇರ ಮೌನಪ್ಪನ ಮನೆಗೆ ಹೋಗಿ, ರೊಟ್ಟಿಯಷ್ಟು ಅಗಲದ ಒಂದು ಗಾಲಿ ಬೇಕು, ಅಂಚು ಕನ್ನಡಿಯ ಹಾಗೆ ನುಣುಪಿರಬೇಕು ಅಂದಳು.

“ಯಾವ ಗೊಂಬಿ ಬಂಡಿಗಿ ಹಚ್ಚಾಕಬೇ ಹುಲಿಗವ್ವಾ?” ಅಂತ ಮೌನಪ್ಪ ನಕ್ಕ.

“ಕಿನ್ನರಿಗೆ ಹಚ್ಚಾಕ.”

“ಕಿನ್ನರಿ ಏನು ಸಂತಿಗೆ ಉಳ್ಳಿಕೋಂತ ಹೊಕ್ಕೈತೇನು?”

ನಕ್ಕರೂ ಮಾಡಿಕೊಟ್ಟ. ಹೆಸರು ಮಾತ್ರ ಮೌನಪ್ಪ, ಬಾಯಿಗೆ ಬಿಡುವಿಲ್ಲ, ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು.

ಆ ಗಾಲಿಯನ್ನು ಕಿನ್ನರಿಯ ಬುಡದಲ್ಲಿ ತಂತಿಗಳಿಗೆ ತಾಗುವ ಹಾಗೆ ಕೂರಿಸಿ, ತಿರುವಲಿಕ್ಕೆ ಒಂದು ಹಿಡಿ ಹಚ್ಚಿದಳು. ಈಗ ಶುರುವಾಯಿತು ನೋಡಿ ತಂತಿ ಆರಿಸುವ ಕೆಲಸ. ಮೊದಲು ಕಬ್ಬಿಣದ ತಂತಿ ಹಾಕಿದಳು. ಗಾಲಿ ತಿರುವಿದ ಕೂಡಲೆ ಅದು ಕಿರಚಿದ ಕಿರಚಾಟಕ್ಕೆ ಬೇವಿನ ಮರದ ಕಾಗೆಗಳೆಲ್ಲ ಎದ್ದು ಹೋದವು, ಮೂರು ದಿನ ಆ ಮರಕ್ಕೆ ಬರಲಿಲ್ಲವಂತೆ. ನಮ್ಮ ಎಮ್ಮೆ ಹಾಲು ಏರಿಸಿಕೊಂಡಿತು ಅಂತ ಸೂಗವ್ವ ಬೈದಳು. ಕಬ್ಬಿಣ ಬೇಡ ಅಂತ ರೇಷ್ಮೆ ಹಾಕಿದಳು. ಅದು ಸೊಳ್ಳೆಯ ಹಾಗೆ ಗುಂಯ್ಗುಟ್ಟಿ, ಮುನಿಸಿಕೊಂಡವರ ಹಾಗೆ ಸುಮ್ಮನಾಯಿತು. ಕುದುರೆ ಬಾಲದ ಕೂದಲು ಹೊಸೆದು ಹಾಕಿದಳು, ಎರಡು ಸುತ್ತಿಗೆ ಪಟ್ಟೆಂದು ಹರಿದು ಗಾಳೆಪ್ಪನ ಮೂಗಿಗೆ ಬಡಿಯಿತು. ಅವನು ಎದ್ದು ಹೋಗಿ ಕಟ್ಟೆಯ ಮೇಲೆ ಕೂತ.

“ಸಾಕು ಬಿಡಬೇ ಅಕ್ಕಾ. ಊರು ಬಿಡೂದು ಬಿಡೂದೈತಿ, ನಗಿಗೀಡು ಆಗಿ ಯಾಕ ಬಿಡೂದು?”

“ಇನ್ನಾ ಕಣಕ್ಕ ತೆನಿ ಬಂದಿಲ್ಲ. ಬಾ, ಕುಂದ್ರು.”

ಕಡೆಗೆ ತನ್ನ ಕಸುಬಿನ ಆಡಿನ ನರಕ್ಕೇ ಬಂದಳು. ಅದರಲ್ಲೂ ಎಲ್ಲ ಆಡಿನ ನರ ಆಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಕಟ್ಟಿ ಮುಸುರೆ ಕುಡಿಸಿದ ಆಡಿನ ನರದಲ್ಲಿ ಜಿಡ್ಡು ಬಹಳ, ಸದ್ದು ಮೆತ್ತಗೆ. ಬಂಡೆ ಹತ್ತಿ ಇಳಿದು ಒಣಹುಲ್ಲು ತಿಂದ ಆಡಿನ ನರ ಬಿಗಿ, ಸದ್ದು ನೆಟ್ಟಗೆ. ಮುದಿ ಆಡಿನ ನರ ನಾಲ್ಕೆಳೆ ಸೇರಿಸಿ ದಪ್ಪ ತಂತಿ ಹೊಸೆದಳು, ಅದಕ್ಕೆ ಅಜ್ಜಿ ಅಂತ ಹೆಸರಿಟ್ಟಳು. ಈದ ಆಡಿನ ನರ ಎರಡೆಳೆ ಸೇರಿಸಿ ನಡುವಿನ ತಂತಿ ಹೊಸೆದಳು, ಅದು ಅವ್ವ. ಮರಿಯ ನರದ ಒಂದೇ ಎಳೆ, ಅದು ಮಗಳು. ಅಜ್ಜಿ, ಅವ್ವ ಇಬ್ಬರೂ ಕೂತಲ್ಲೇ ಕೂತು ಒಂದೇ ಸ್ವರ ಹಿಡಿದು ಗುನುಗುತ್ತಿರಬೇಕು. ಮಗಳು ಮೆಟ್ಟಿಲ ಮೇಲೆ ಹತ್ತಿ ಇಳಿದು ಕುಣಿಯಬೇಕು.

ಆದರೂ ಗಾಲಿ ನರವನ್ನು ಕೊರೆಯುತ್ತಿತ್ತು. ಆಗ ಪಿಂಜಾರರ ಮನೆಯಿಂದ ಎಕ್ಕಿದ ಹತ್ತಿ ತಂದು, ಗಾಲಿ ತಾಗುವ ಕಡೆ ತಂತಿಗೆ ಒಂದು ಚೂರು ಸುತ್ತಿದಳು. ಹೆಚ್ಚು ಸುತ್ತಿದರೆ ಗಂಟಲು ಕಟ್ಟುತ್ತದೆ, ಕಡಿಮೆ ಸುತ್ತಿದರೆ ಕೀರಲು. ಅಕ್ಕಿಕಾಳಿನಷ್ಟು, ಅಷ್ಟೇ. ಗಾಲಿಯ ಅಂಚಿಗೆ ರಾಳ ತಿಕ್ಕಿದಳು. ಆಮೇಲೆ ಅವ್ವನ ತಂತಿಯ ಕೆಳಗೆ ಆಡಿನ ಕೊಂಬಿನ ಒಂದು ಚಕ್ಕೆ ಇಟ್ಟಳು, ಅದರ ಒಂದು ಕಾಲು ಊರಿದೆ, ಇನ್ನೊಂದು ಕಾಲು ಊರಿಯೂ ಊರದ ಹಾಗಿದೆ. ಮಣಿಕಟ್ಟು ಜಗ್ಗಿ ಗಾಲಿ ತಿರುವಿದರೆ ಆ ಚಕ್ಕೆ ಝುಂ ಝುಂ ಅಂತ ದುಂಬಿಯ ಹಾಗೆ ನಡುಗುತ್ತದೆ! ಅದನ್ನು ಕೇಳಿದ ಗಾಳೆಪ್ಪ ಕಟ್ಟೆಯಿಂದ ಎದ್ದು ಒಳಗೆ ಬಂದನಂತೆ. ಎರಡು ವರ್ಷದಲ್ಲಿ ಮೊದಲ ಸಲ ತಾನಾಗಿ ಕೈ ಚಾಚಿದನಂತೆ.

ಉಳಿದದ್ದು ಶ್ರುತಿ. ಅದಕ್ಕೆ ಅಕ್ಕನಾಗಲಿ ತಮ್ಮನಾಗಲಿ ಒಂದು ಗಳಿಗೆಯೂ ಯೋಚನೆ ಮಾಡಲಿಲ್ಲ. ಜೋಗಿಯಾದವನು ಅಪ್ಪನ ಶ್ರುತಿ ಬಿಡುವ ಹಾಗಿಲ್ಲ. ಅಪ್ಪ ದನಿಯನ್ನು ಎಲ್ಲಿ ನಿಲ್ಲಿಸಿ ಹಾಡಿದನೋ ಮಗ ಅಲ್ಲೇ ನಿಲ್ಲಿಸಿ ಹಾಡಬೇಕು, ಬಿಟ್ಟರೆ ಅಪ್ಪನನ್ನೇ ಬಿಟ್ಟಂತೆ. ಹುಲಿಗೆವ್ವನ ಕಿವಿಯಲ್ಲಿ ಅಪ್ಪನ ದನಿ ಹಾಗೇ ಕೂತಿತ್ತು. ಕಣ್ಣು ಮುಚ್ಚಿ ಗುನುಗಿ, ಕೂದಲೆಳೆಯಷ್ಟೂ ತಪ್ಪದ ಹಾಗೆ ಮೂರು ತಂತಿಗಳನ್ನೂ ಆ ದನಿಗೆ ತಂದಳು. ಅಪ್ಪನದು ಏರುದನಿ, ಟಗರಿನ ಹಾಗೆ ಮೇಲಕ್ಕೆ ಚಿಮ್ಮುತ್ತಿತ್ತು. ಗಾಳೆಪ್ಪ ಹಾಡಿದ. ಕೊರಳಿನ ನರ ಉಬ್ಬಿದವು, ಮುಖ ಕೆಂಪಾಯಿತು. ಕೈ ಚೆನ್ನಾಗಿದ್ದ ಕಾಲದಲ್ಲೂ ಹೊತ್ತು ಏರುವಷ್ಟರಲ್ಲಿ ಅವನ ದನಿ ಒಡೆಯುತ್ತಿತ್ತು. ಬಿಸಿಲಿಗೆ ಹಾಗಾಗುತ್ತದೆ ಅಂತ ಎಲ್ಲರೂ ಅನ್ನುತ್ತಿದ್ದರು. ಹುಲಿಗೆವ್ವನೂ ಹಾಗೇ ಅಂದುಕೊಂಡಿದ್ದಳು. ಅಂಥಾ ಕಿವಿಯವಳು, ನೋಡಿ, ಸ್ವಂತ ತಮ್ಮನ ಕೊರಳನ್ನು ಮಾತ್ರ ಕೇಳಿಸಿಕೊಂಡಿರಲಿಲ್ಲ.

ಕಡೆಯ ಹಂತಿಯ ದಿನ ಬಂದೇ ಬಂತು. ಗೌಡರ ಕಣ ಸಗಣಿ ಬಳಿದು ಮಿಂಚುತ್ತಿತ್ತು. ಗಾಲಿ ಹಚ್ಚಿದ ಕಿನ್ನರಿಯಂತೆ ಅಂತ ಸುತ್ತಲಿನ ಏಳು ಹಳ್ಳಿಯ ಮಂದಿ ನೆರೆದಿದ್ದರು. ಬಂಡೆಯ ಮೇಲೆ ಮಂದಿ, ಮರದ ಮೇಲೆ ಮಂದಿ. ಹೊಳೆಯಾಚೆಯ ಜೋಗಿಯೂ ಬಂದು, ಬಟ್ಟೆ ಸುತ್ತಿದ ತನ್ನ ಕಿನ್ನರಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ಹಂತಿ ಕಟ್ಟಿದ ಮೇಲೆ ಹಾಡುವವನು, ಎತ್ತು ಹೊಡೆಯುವವನು ಬಿಟ್ಟು ಬೇರೆ ಯಾರೂ ಒಳಗೆ ಕಾಲಿಡಬಾರದು. ಹುಲಿಗೆವ್ವ ಕಣದ ಅಂಚಿನಲ್ಲಿ ಸೂಗವ್ವನ ಪಕ್ಕದಲ್ಲಿ ನಿಂತಳು.

ಊರಿನ ಹಿರಿಯ ಅಂದಾನಗೌಡರು ಮೇಟಿಗೆ ಪೂಜೆ ಮಾಡಿ ಕೈ ಎತ್ತಿದರು. ಗಾಳೆಪ್ಪ ಮೇಟಿಯ ಬುಡದಲ್ಲಿ ಕೂತು, ಮುಷ್ಟಿಯಲ್ಲಿ ಹಿಡಿ ಹಿಡಿದು ತಿರುವಿದ, ಹಾಡು ಎತ್ತಿದ. ಕಿನ್ನರಿ ಕೂಗಿತು! ಅಜ್ಜಿ ಗುನುಗಿದಳು, ಅವ್ವ ಗುನುಗಿದಳು, ಮಗಳು ಕುಣಿದಳು, ದುಂಬಿ ಝುಂಗುಟ್ಟಿತು. ಏಳು ಹಳ್ಳಿಯ ಮಂದಿ ಒಂದೇ ಬಾಯಲ್ಲಿ ಹೋ ಅಂದರು. ಆರು ಎತ್ತು ಹೆಜ್ಜೆ ಎತ್ತಿದವು. ಅರ್ಧ ಸುತ್ತು ಹೋದವು.

ನಿಂತವು.

ಮೇಟಿಗೆ ಹತ್ತಿರ ಕಟ್ಟಿದ ಮುದಿ ಎತ್ತು ನಾಲ್ಕೂ ಕಾಲು ಊರಿ ಕಿವಿ ಹಿಂದಕ್ಕೆ ಮಾಡಿ ನಿಂತುಬಿಟ್ಟಿತು. ಅದು ನಿಂತರೆ ಉಳಿದವೂ ನಿಂತಂತೆ. ಹೊಡೆಯುವವನು ಬಾರುಕೋಲು ಎತ್ತಿದ, ನಾಲ್ಕು ಹೆಜ್ಜೆ ಇಟ್ಟು ಮತ್ತೆ ನಿಂತಿತು. ಮಂದಿಯ ಗದ್ದಲ ಇಳಿಯಿತು. ಎತ್ತಿಗೇ ಒಪ್ಪಿಗೆ ಇಲ್ಲ ಅಂತ ಯಾರೋ ಅಂದರು. ಅಂದಾನಗೌಡರು ಗಡ್ಡ ಕೆರೆದುಕೊಂಡು, ಮೂರನೇ ಸಲ ನಿಂತರೆ ಇದು ಭೂಮಿತಾಯಿಯ ಮಾತು ಅಂತ ತಿಳಿಯಬೇಕಾಗುತ್ತದೆ ಅಂದರು. ಹೊಳೆಯಾಚೆಯ ಜೋಗಿ ತನ್ನ ಕಿನ್ನರಿಯ ಬಟ್ಟೆಯ ಗಂಟು ಬಿಚ್ಚತೊಡಗಿದ. ಗಾಳೆಪ್ಪ ಗಾಲಿ ಬಿಡಲಿಲ್ಲ, ತಿರುವುತ್ತಲೇ ಇದ್ದ. ಸದ್ದು ಕಡಿದರೆ ಎಲ್ಲ ಮುಗಿದಂತೆ.

ಹುಲಿಗೆವ್ವ ಕಣ್ಣು ಮುಚ್ಚಿದಳಂತೆ. ಮಂದಿಯ ಮಾತು ಬಿಟ್ಟಳು, ತಮ್ಮನ ಹಾಡು ಬಿಟ್ಟಳು, ಉಳಿದದ್ದನ್ನು ಕೇಳಿದಳು. ಎತ್ತಿನ ಕೊರಳಲ್ಲಿ ಕಂಚಿನ ಗಂಟೆ. ಮುದಿ ಎತ್ತು ತಲೆ ಅಲ್ಲಾಡಿಸಿದಾಗೆಲ್ಲ ಠಣ್ ಅನ್ನುತ್ತಿತ್ತು. ಆ ಠಣ್ ಒಂದು ಕಡೆ, ಕಿನ್ನರಿಯ ಗುಂಯ್ ಇನ್ನೊಂದು ಕಡೆ. ಎರಡೂ ಹತ್ತಿರ ಹತ್ತಿರವೇ ಇವೆ, ಆದರೆ ಕೂಡುತ್ತಿಲ್ಲ. ಒಂದೇ ಅಂಗಳದಲ್ಲಿ ಜಗಳ ಆಡುವ ವಾರಗಿತ್ತಿಯರ ಹಾಗೆ ವಂಯ್ ವಂಯ್ ಅಂತ ಗುದ್ದಾಡುತ್ತಿವೆ. ಹತ್ತು ವರ್ಷದಿಂದ ತನ್ನ ಗಂಟೆಯ ಸದ್ದಿಗೆ ಹೆಜ್ಜೆ ಹಾಕಿದ ಎತ್ತು ಅದು. ಮೊದಲಾದರೆ ಮೀಟಿದ ತಂತಿ ಒಮ್ಮೆ ಅಂದು ಸುಮ್ಮನಾಗುತ್ತಿತ್ತು, ಸಂದಿಯಲ್ಲಿ ಗಂಟೆ ಕೇಳುತ್ತಿತ್ತು. ಈ ಗಾಲಿ ಸಂದಿಯನ್ನೇ ಬಿಡುವುದಿಲ್ಲ! ಪಾಪ, ಅದರ ದಾರಿಯನ್ನೇ ಇವರು ಮುಚ್ಚಿಬಿಟ್ಟಿದ್ದರು.

ಕಣ್ಣು ಬಿಟ್ಟವಳೇ ಕಣದೊಳಗೆ ನಡೆದಳು. ಹೋ ಹೋ ಅಂತ ಮಂದಿ ಎದ್ದರು. ಗೌಡರು ಕೈ ಅಡ್ಡ ಹಿಡಿದರು.

“ಏ ಹುಲಿಗೀ! ಕಟ್ಟಿದ ಹಂತ್ಯಾಗ ಕಾಲಿಡತೀ ಏನು?”

“ಇಟ್ಟಾತ್ರೀ ಗೌಡ್ರ. ಬೈಯೂದು ಆಮ್ಯಾಲೆ ಬೈರಿ, ಸದ್ದು ಕಡದ್ರ ಹೇಳ್ರಿ!”

ಗಾಳೆಪ್ಪನ ಮುಂದೆ ಕೂತಳು. ಅಜ್ಜಿಯ ತಂತಿಯನ್ನು ಬಿಗಿಯುವ, ಸಡಿಲಿಸುವ ಬಿರಡೆಗೆ ಕೈ ಹಾಕಿದಳು. ಗಾಳೆಪ್ಪ ತಿರುವುತ್ತಲೇ ಪಿಸುಗುಟ್ಟಿದ.

“ಅಕ್ಕಾ, ಇಳಸಬ್ಯಾಡ! ಅದು ಅಪ್ಪನ ಶ್ರುತಿ!”

“ಅಪ್ಪ ಸತ್ತು ಹನ್ನೊಂದು ವರ್ಸ ಆತೋ. ಎತ್ತು ಜೀವಂತ ನಿಂತೈತಿ. ತಿರುವು!”

ಅಜ್ಜಿಯನ್ನು ಇಳಿಸಿದಳು. ಅವ್ವ, ಮಗಳು ಸದ್ದು ಹಿಡಿದು ನಿಂತಿದ್ದರು. ಅಜ್ಜಿ ಮುಲುಗಿದಳು, ಗೊಣಗಿದಳು, ಕೆಳಗೆ ಕೆಳಗೆ ಬಂದಳು, ಗಂಟೆಯ ಠಣ್ ಬಂದದ್ದೇ ಅದರ ಮೇಲೆ ಹೋಗಿ ಕೂತಳು. ವಂಯ್ ವಂಯ್ ಅನ್ನುವುದು ಅರ್ಧ ನಿಂತಿತು. ಎತ್ತು ಒಂದು ಕಿವಿ ಮುಂದಕ್ಕೆ ಮಾಡಿತು! ಆಮೇಲೆ ಅವ್ವ. ಬಿಸಿಲಿಗೆ ಬಿರಡೆ ಬಿಗಿದುಕೊಂಡಿತ್ತು, ಹಲ್ಲು ಕಚ್ಚಿ ತಿರುಗಿಸಿದಳು, ಉಗುರು ಸೀಳಿ ರಕ್ತ ಬಂತು. ಅವ್ವನೂ ಬಂದು ಕೂತಳು. ಎತ್ತು ಎರಡನೇ ಕಿವಿಯನ್ನೂ ಮುಂದಕ್ಕೆ ಮಾಡಿತು. ಕಡೆಗೆ ಮಗಳು. ಮರಿಯ ನರ, ಒಂದೇ ಎಳೆ, ಪಟ್ಟೆಂದರೆ ಮುಗಿಯಿತು. ಆ ಹೊತ್ತಿಗೆ ಏಳು ಹಳ್ಳಿಯ ಮಂದಿ ಉಸಿರು ಹಿಡಿದಿದ್ದರು, ಮರದ ಮೇಲಿದ್ದವನೊಬ್ಬ ಕೈ ಬಿಟ್ಟು ಕೆಳಗೆ ಬಿದ್ದರೂ ಯಾರೂ ತಿರುಗಿ ನೋಡಲಿಲ್ಲವಂತೆ. ಮಗಳು ನಡುಗಿದಳು, ಜಾರಿದಳು, ಬಂದು ಅವ್ವನ ಮಡಿಲಲ್ಲಿ ಬಿದ್ದಳು.

ಅಷ್ಟೇ. ಗಂಟೆ ಯಾವುದು, ಕಿನ್ನರಿ ಯಾವುದು, ಹೇಳುವವರಿರಲಿಲ್ಲ.

ಮುದಿ ಎತ್ತು ಮೂಗಿನಿಂದ ಒಮ್ಮೆ ಉಸಿರು ಬಿಟ್ಟಿತು. ನಡೆಯಿತು.

ಆರೂ ನಡೆದವು! ಗಾಳೆಪ್ಪ ಮತ್ತೆ ಹಾಡಬೇಕಲ್ಲ, ಬಾಯಿ ತೆರೆದ. ಮೇಲಕ್ಕೆ ಚಿಮ್ಮಲು ಹೋದವನಿಗೆ ತಂತಿ ಕೆಳಗಿದೆ ಅಂತ ನೆನಪಾಯಿತು, ಅಲ್ಲಿಗೇ ಇಳಿದ. ಆಗ ಅವನ ಎದೆಯಿಂದ ಒಂದು ದನಿ ಬಂತು ನೋಡಿ, ಅದನ್ನು ಊರವರು ಯಾರೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಬಂಡೆಯ ಕೆಳಗೆ ನೀರು ಹರಿದ ಹಾಗೆ ಗಂಭೀರ. ಕೊರಳಿನ ನರ ಉಬ್ಬಲಿಲ್ಲ, ಮುಖ ಕೆಂಪಾಗಲಿಲ್ಲ. ಎತ್ತಿನ ಹೆಜ್ಜೆಗೆ ಸರಿಯಾಗಿ ಮಣಿಕಟ್ಟು ಜಗ್ಗಿದ, ದುಂಬಿ ಝುಂ ಝುಂ ಅಂದಿತು. ಹೊತ್ತು ಏರಿತು, ನೆತ್ತಿಗೆ ಬಂತು, ವಾಲಿತು. ಅವನ ದನಿ ಒಡೆಯಲಿಲ್ಲ. ಹುಲಿಗೆವ್ವ ಎದ್ದು ಹೋಗುವುದನ್ನೂ ಮರೆತು ಮೇಟಿಯ ಬುಡದಲ್ಲೇ ಕೂತಿದ್ದಳು. ಇಷ್ಟು ವರ್ಷ ಈ ದನಿ ಎಲ್ಲಿ ಅಡಗಿತ್ತೋ ತಮ್ಮಾ, ನಾನು ಯಾಕೆ ಕೇಳಲಿಲ್ಲವೋ ಅಂತ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಾಯಿ ಮಾತ್ರ ನಗುತ್ತಿತ್ತಂತೆ.

ಎತ್ತು ಬಿಚ್ಚಿದ ಮೇಲೂ ಅವು ತಾವಾಗಿಯೇ ಮೂರು ಸುತ್ತು ತಿರುಗಿದವು ಅಂತ ಕೆಲವರು ಹೇಳುತ್ತಾರೆ. ಏಳು ಸುತ್ತು ಅಂತ ಇನ್ನು ಕೆಲವರು. ಆ ವರ್ಷ ರಾಶಿಯ ಎತ್ತರಕ್ಕೆ ಆಚೆ ನಿಂತವರು ಕಾಣುತ್ತಿರಲಿಲ್ಲ ಅಂತಲೂ ಹೇಳುತ್ತಾರೆ. ಹೊಳೆಯಾಚೆಯ ಜೋಗಿ ತನ್ನ ಕಿನ್ನರಿಗೆ ಮತ್ತೆ ಬಟ್ಟೆ ಸುತ್ತಿದ. ಆದರೆ ಹೋಗಲಿಲ್ಲ. ಹುಲಿಗೆವ್ವನ ಹತ್ತಿರ ಬಂದು ಕೂತ.

“ಯವ್ವಾ, ನಂದೂ ದನಿ ಮಧ್ಯಾಹ್ನಕ್ಕ ಒಡೀತೈತಿ. ಒಂದೀಟು ನೋಡಬೇ.”

ಅಂದಾನಗೌಡರು ಬೈಯುತ್ತೇನೆ ಅಂದವರು ಬೈಯಲೇ ಇಲ್ಲ. ಕಣ ಗಾಳೆಪ್ಪನದೇ ಆಯಿತು, ಅವನ ಮೂವರು ಹೆಣ್ಣುಮಕ್ಕಳು ಅದೇ ಊರಲ್ಲಿ ಬೆಳೆದರು, ಗಾಲಿ ಕಿನ್ನರಿ ಕಲಿತರು.

ಈಗ ಆ ಊರಲ್ಲಿ ಹಂತಿ ಇಲ್ಲ, ಎತ್ತುಗಳೂ ಕಡಿಮೆ, ಜೋಳ ಬಡಿಯುವ ಯಂತ್ರ ಬರುತ್ತದೆ. ಗಾಲಿ ಕಿನ್ನರಿಗಳು ಹುಳ ಹಿಡಿದು ಹೋದವು. ಆದರೂ ಆ ಕಡೆಯ ಜೋಗಿಗಳ ಮನೆಯಲ್ಲಿ ಒಂದು ಪದ್ಧತಿ ಉಳಿದಿದೆ. ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ ಮಗನನ್ನು ಅಂಗಳದಲ್ಲಿ ಕೂರಿಸಿ, ಅಪ್ಪನ ಕಿನ್ನರಿಯ ತಂತಿಗಳನ್ನೆಲ್ಲ ಪೂರಾ ಸಡಿಲ ಬಿಡುತ್ತಾರೆ. ಆಗ ಅಕ್ಕ ಬಂದು ಮುಂದೆ ಕೂರಬೇಕು. ಸ್ವಂತ ಅಕ್ಕ ಇಲ್ಲದಿದ್ದರೆ ಓಣಿಯವಳು ಯಾರಾದರೂ ಅಕ್ಕನಾಗಿ ಬಂದು ಕೂರುತ್ತಾಳೆ. ಹುಲಿಗೆವ್ವನ ಹೆಸರು ಹೇಳಿ, ಹಾಡೋ ತಮ್ಮಾ ಅನ್ನುತ್ತಾಳೆ. ಅವನು ಅಳುತ್ತಲೇ ಹಾಡುತ್ತಾನೆ. ಅವಳು ಬಿರಡೆಗೆ ಕೈ ಹಾಕುವುದಿಲ್ಲ, ಕಣ್ಣು ಮುಚ್ಚಿ ಕೇಳುತ್ತಾಳೆ. ಎಷ್ಟೇ ಹೊತ್ತಾಗಲಿ, ಅಪ್ಪನ ಹಾಗೆ ಹಾಡುವುದನ್ನು ಅವನು ಬಿಡುವವರೆಗೂ ಕೇಳುತ್ತಲೇ ಇರುತ್ತಾಳೆ. ಬಿಟ್ಟ ಮೇಲೆ ಅವನ ದನಿಗೆ ತಂತಿ ಬಿಗಿಯುತ್ತಾಳೆ.